ಪಾನಿಮ್ ಅರ್ಧಕ್ಕೆ ನಿಲ್ಲಿಸಿದ ಕನಸು

ಬೆಳಗ್ಗೆ ಎದ್ದ ಪಾನಿಮ್ ಮೊದಲು ಯಾರೊಡನೆಯೂ ಮಾತಾಡುವುದಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಸೋಯಾ ಹುದುಗಿಟ್ಟ ಜಾಡಿಗಳು ಸಾಲಾಗಿ ನಿಂತಿವೆ. ಆಗಷ್ಟೇ ಹಿಡಿದ ನೀರನ್ನು ಬಿಳಿ ಬಟ್ಟಲಿಗೆ ತುಂಬಿ, ಎಲ್ಲಕ್ಕಿಂತ ದೊಡ್ಡ ಜಾಡಿಯ ಮುಚ್ಚಳದ ಮೇಲಿಟ್ಟು, ಅಂಗೈಗೆ ಅಂಗೈ ಉಜ್ಜುತ್ತ ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಜ್ವರ ಬಂದಾಗಲೂ, ಮಗನ ಮದುವೆಯ ದಿನವೂ ಇದು ತಪ್ಪಿದ್ದಿಲ್ಲ. ಯಾರಿಗಾಗಿ ಬೇಡುತ್ತೀ ಎಂದು ಒಮ್ಮೆ ಕೇಳಿದ್ದೆ. ತಾನು ಕೇಳಿದ ಕನಸುಗಳ ಒಡೆಯರಿಗಾಗಿ ಎಂದಳು. ಅದು ನನಗೆ ಹಿಡಿಸಿತು. ಹೆಸರು ಗೊತ್ತಿಲ್ಲದವರನ್ನೂ ದೇವರು ಗುರುತು ಹಿಡಿಯುತ್ತಾನೆ.

ಮೊಕ್‌ಪೊ ಬಂದರಿನ ಮೇಲಿನ ಇಳಿಜಾರಿನಲ್ಲಿ ಅವಳ ಗಿರಣಿ. ನೆನೆಸಿದ ಅಕ್ಕಿ ತಂದವರಿಗೆ ಹಿಟ್ಟು ಮಾಡಿ, ಹಬೆಯಲ್ಲಿ ಬೇಯಿಸಿ, ಕಡುಬು ಮಾಡಿ ಕೊಡುತ್ತೇವೆ. ಹಬೆ ಪಾತ್ರೆಗಳ ಕೆಲಸ ನನ್ನದು. ಹೊಸ ವರ್ಷದ ಹಿಂದಿನ ವಾರ, ಮಕ್ಕಳ ನೂರನೇ ದಿನದ ಹಬ್ಬಗಳ ಹಿಂದಿನ ಸಂಜೆ, ಹೆಂಗಸರು ಬೋಗುಣಿ ಇಟ್ಟುಕೊಂಡು ಸಾಲಿನಲ್ಲಿ ಕೂತಿರುತ್ತಾರೆ. ಕಡಲ ಮಂಜು ಬಾಗಿಲಿನಿಂದ ಒಳಗೆ ಬರುತ್ತದೆ, ನಮ್ಮ ಹಬೆ ಅದೇ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಅವೆರಡರ ನಡುವೆ ಕೂತವರ ಬಾಯಿಗೆ ಕನಸಿನ ಮಾತು ತಾನಾಗಿ ಬರುತ್ತದೆ.

ಮಗು ಹೊಟ್ಟೆಯಲ್ಲಿ ನಿಲ್ಲುವ ಹೊತ್ತಿಗೆ ಯಾರಿಗಾದರೂ ಅದರ ಕನಸು ಬೀಳುತ್ತದೆ. ತಾಯಿಗೆ ಬೀಳಬಹುದು, ಅತ್ತೆಗೂ ಬೀಳಬಹುದು, ಪಕ್ಕದ ಮನೆಯವಳಿಗೂ ಬೀಳಬಹುದು. ಯಾರಿಗೆ ಬಿದ್ದರೂ ಅದು ಮಗುವಿನದೇ. ದೊಡ್ಡದಾದ ಮೇಲೆ ನಿನ್ನ ಕನಸು ಯಾವುದು ಎಂದು ಯಾರಾದರೂ ಕೇಳಿದರೆ, ಹುಲಿಯೋ ಹಾವೋ ಪೀಚ್ ಹಣ್ಣೋ, ಹೇಳಲು ಬರಬೇಕು. ಒಳ್ಳೆಯ ಕನಸನ್ನು ಕೊಳ್ಳುವುದೂ ಉಂಟು. ಕೇಳಿಸಿಕೊಂಡವಳು ಒಂದು ನಾಣ್ಯವನ್ನೋ ರಿಬ್ಬನ್ನನ್ನೋ ಕೊಟ್ಟು ‘ಕೊಂಡೆ’ ಎಂದರೆ ಮುಗಿಯಿತು, ಕನಸು ಅವಳ ಮನೆಗೆ ಹೋಗುತ್ತದೆ. ಅರ್ಧ ಹೇಳಿದ ಕನಸನ್ನು ಮಾತ್ರ ಯಾರೂ ಕೊಳ್ಳಲಾರರು ಎಂದು ಪಾನಿಮಳ ತಾಯಿ ಹೇಳುತ್ತಿದ್ದಳಂತೆ.

ಪಾನಿಮಳ ಬಳಿ ಒಡೆಯರಿಲ್ಲದ ಕನಸೊಂದು ಉಳಿದಿತ್ತು. ನಾವಿಬ್ಬರೂ ಎಳೆಯರಾಗಿದ್ದಾಗ, ಹಡಗುಕಟ್ಟೆಯಲ್ಲಿ ಒಣಗಿಸಿದ ಕಡಲಪಾಚಿ ಮಾರುವ ಬಸುರಿಯೊಬ್ಬಳು ಹೊಸ ವರ್ಷದ ಸಾಲಿನಲ್ಲಿ ಕೂತು ಅದನ್ನು ಹೇಳಿದ್ದಳು. ಅವಳದು ಸಣ್ಣ ಕೈ, ಆ ಕೈಗೆ ಗಂಡಸಿನ ದೊಡ್ಡ ಗಡಿಯಾರ, ಅದರ ಪಟ್ಟಿಗೆ ಕೆಂಪು ದಾರ. ಹೆಸರನ್ನು ನಾವು ಕೇಳಲಿಲ್ಲ, ನಾಳೆಯೂ ಬರುತ್ತಾಳಲ್ಲ ಎಂಬ ಧೈರ್ಯ. ಹೆಣ್ಣುಮಗು ನಡೆಯುವ ಮೊದಲೇ ತಾಯಿ ತೀರಿಕೊಂಡಳು ಎಂದು ಆಮೇಲೆ ಕಟ್ಟೆಯವರಿಂದ ತಿಳಿಯಿತು. ತಂದೆ ಮಗುವನ್ನು ಎತ್ತಿಕೊಂಡು ಉತ್ತರಕ್ಕೆಲ್ಲೋ ಹೋದನಂತೆ. ಆ ಮಗುವಿಗೆ ಕನಸು ಹೇಳುವವರು ಇನ್ನು ಯಾರು? ಪಾನಿಮ್ ಇದನ್ನು ಬಾಯಲ್ಲಿಟ್ಟುಕೊಂಡ ತುತ್ತಿನಂತೆ ಇಟ್ಟುಕೊಂಡಿದ್ದಳು. ನುಂಗುವಂತಿರಲಿಲ್ಲ, ಉಗುಳುವಂತಿರಲಿಲ್ಲ.

ಅದಕ್ಕೇ ಅವಳು ಫೋನಿನಲ್ಲಿ ಬ್ಲಾಗ್ ಶುರು ಮಾಡಿದ್ದು. ಒಂದೇ ಬೆರಳಿನಿಂದ, ಜಾಡಿಗಳ ಪಕ್ಕ ಕೂತು, ಗಿರಣಿಯಲ್ಲಿ ಕೇಳಿದ ಕನಸುಗಳನ್ನು ಬರೆಯತೊಡಗಿದಳು. ಎಂದಾದರೊಂದು ದಿನ ಆ ಹುಡುಗಿಯ ಕಣ್ಣಿಗೆ ಬೀಳಲಿ ಎಂಬುದೊಂದೇ ಆಸೆ. ಮೊದಮೊದಲು ಒಂದು ಮೀನಿನ ಕನಸನ್ನು ಪೂರ್ತಿ ಬರೆದಿದ್ದಳು. ಯಾರೋ ಕೆಳಗೆ ನಾಣ್ಯದ ಚಿತ್ರ ಹಾಕಿ ‘ಕೊಂಡೆ’ ಎಂದುಬಿಟ್ಟರು. ಅವತ್ತು ಅವಳಿಗೆ ಅನ್ನ ಸೇರಲಿಲ್ಲ. ಅಂದಿನಿಂದ ಯಾವ ಕನಸನ್ನು ಬರೆದರೂ ಅರ್ಧಕ್ಕೆ ನಿಲ್ಲಿಸುತ್ತಿದ್ದಳು.

ಕಡಲಪಾಚಿಯವಳ ಕನಸನ್ನೂ ಹಾಗೆಯೇ ಬರೆದಳು. ನೀರು ಇಳಿದ ಕಡಲಿನ ಕೆಸರಿನಲ್ಲಿ ಹೆಂಗಸೊಬ್ಬಳು ನಡೆಯುತ್ತಿದ್ದಾಳೆ. ನಡುವೆ ಗೋಡೆಯಿಲ್ಲದ ಒಂದು ಬಾಗಿಲು ನಿಂತಿದೆ. ತೆರೆದರೆ ಎಲೆ ಉದುರಿದ ಪರ್ಸಿಮನ್ ಮರ, ತುಂಬ ಹಣ್ಣು. ಒಂದು ಹಣ್ಣು ಮಾತ್ರ ಆಗತಾನೆ ಬೆಂದ ಕಡುಬಿನ ಹಾಗೆ ಬೆಚ್ಚಗಿದೆ. ತಿನ್ನಲು ಮನಸ್ಸಾಗದೆ ಅದನ್ನು ಲಂಗದಲ್ಲಿ ಕಟ್ಟಿಕೊಂಡು ಹೊರಡುತ್ತಾಳೆ. ಹಿಂತಿರುಗಿ ನೋಡಿದರೆ, ಅವಳ ಹೆಜ್ಜೆ ಮೂಡಿದ ಕಡೆಯಲ್ಲೆಲ್ಲ ನೀರು ನಿಂತು, ಒಂದೊಂದರಲ್ಲೂ ಒಂದೊಂದು ಚಂದ್ರ. ಅಷ್ಟೇ ಬರೆದದ್ದು.

ಓದುತ್ತಿದ್ದವರು ನಾನು, ಪಕ್ಕದ ಬ್ಯೂಟಿ ಪಾರ್ಲರಿನ ಯೊನ್‌ಶಿಮ್, ಮತ್ತು ಕೂದಲೆಣ್ಣೆ ಮಾರುವ ಯಾರೋ ಒಬ್ಬರು. ಯೊನ್‌ಶಿಮ್ ಹೋಟೆಲುಗಳ ಬಗ್ಗೆ ಬರೆದು ಬಿಟ್ಟಿ ಊಟ ಗಿಟ್ಟಿಸುವವಳು. ಈ ವಿದ್ಯೆಯಲ್ಲಿ ಪಳಗಿದ ಕೈ.

‘ಅಕ್ಕ, “ಮಂಗಳವಾರ, ಮೋಡ” ಅಂತ ಹೆಸರಿಟ್ರೆ ಯಾರು ಬರ್ತಾರೆ? ಹವಾಮಾನ ನೋಡೋಕೆ ಬಂದೋರೂ ವಾಪಸ್ ಹೋಗ್ತಾರೆ.’

‘ಮಂಗಳವಾರ ಮೋಡ ಇತ್ತಲ್ಲೇ.’

‘ಇತ್ತು. ಅದನ್ನ ಮೋಡ ಹೇಳ್ಕೊಳ್ಳುತ್ತೆ, ನೀವ್ಯಾಕೆ ಹೇಳ್ತೀರಿ?’

ಜನ ಏನೆಂದು ಹುಡುಕುತ್ತಾರೋ ಅದೇ ಮಾತು ತಲೆಬರಹದಲ್ಲಿರಬೇಕು, ಮೊದಲು ಒಂದು ಚಿತ್ರ ಇರಬೇಕು, ಬಸ್ಸಿನಲ್ಲಿ ಕೂತವರು ಫೋನ್ ನೋಡುವ ಬೆಳಗಿನ ಹೊತ್ತಿಗೇ ಹಾಕಬೇಕು ಎಂದು ಹೇಳಿಕೊಟ್ಟಳು. ಪಾನಿಮ್ ತಲೆಬರಹ ಬದಲಿಸಿದಳು, ಪರ್ಸಿಮನ್ನಿನ ಚಿತ್ರ ಹಾಕಿದಳು. ಬೆಳಗ್ಗೆ ಹಾಕಲು ಮಾತ್ರ ಒಪ್ಪಲಿಲ್ಲ. ಮಧ್ಯಾಹ್ನ ದಾಟುವ ಮೊದಲು ಕನಸಿನ ಮಾತು ಎತ್ತುವುದು ಅವಳಿಗಾಗದು. ಇದರಿಂದ ಒಬ್ಬಿಬ್ಬರು ಹೆಚ್ಚು ಬಂದರು, ಕನಸಿನ ಮಗು ಗಂಡೋ ಹೆಣ್ಣೋ ಎಂದು ಕೇಳಿ ಹೋದರು.

ಕೊನೆಗೆ ಯೊನ್‌ಶಿಮ್ ತನ್ನ ದೊಡ್ಡ ಉಪಾಯ ಹೇಳಿದಳು. ‘ಜನ ಇರೋ ಕಡೆ ಹೋಗಿ ಮುಖ ತೋರ್ಸಿ ಅಕ್ಕ. ದೊಡ್ಡ ದೊಡ್ಡ ಪುಟಗಳ ಕೆಳಗೆ “ಚೆನ್ನಾಗಿದೆ, ನಮ್ಮ ಕಡೆನೂ ಬನ್ನಿ” ಅಂತ ಒಂದು ಸಾಲು ಹಾಕಿ ಬನ್ನಿ. ಓದ್ತಾ ಮಾತ್ರ ಕೂತ್ಕೋಬೇಡಿ.’

ಪಾನಿಮ್ ಹೋದಳು, ಆದರೆ ಓದುತ್ತ ಕೂತಳು. ಒಬ್ಬರು ತಮ್ಮ ಮನೆಯ ವಿಷಯ ಹೇಳುವಾಗ ಹೊಸ್ತಿಲಿಂದಲೇ ‘ಚೆನ್ನಾಗಿದೆ’ ಎಂದು ಓಡಿಬರುವುದು ಹೇಗೆ ಎಂಬುದು ಅವಳ ಪ್ರಶ್ನೆ. ಒಂದು ಸಾಲು ಹಾಕುವ ಮೊದಲು ಆ ಪುಟದ ಹಳೆಯದನ್ನೂ ಓದುತ್ತಿದ್ದಳು. ಅಕ್ಕ ಒಬ್ಬರ ಬಾಗಿಲಲ್ಲೇ ಸಂಜೆ ಮಾಡುತ್ತಾರೆ ಎಂದು ಯೊನ್‌ಶಿಮ್ ಗಿರಾಕಿಗಳ ಮುಂದೆಲ್ಲ ಆಡಿಕೊಂಡಳು.

ಹಾಗೆ ಹೋದ ದೊಡ್ಡ ಪುಟಗಳಲ್ಲಿ ಬಾಣಂತಿಯರ ಗಂಜಿಯ ಬಗ್ಗೆ ಬರೆಯುವ ಸೆರಾನ್ ಎಂಬವಳದೂ ಒಂದು. ಸಾವಿರಾರು ಜನ ಓದುವ ಪುಟ. ಪಾನಿಮ್ ಗಂಜಿಗಳನ್ನೆಲ್ಲ ಓದಿಕೊಂಡು ಹಿಂದೆ ಹಿಂದೆ ಹೋದಾಗ, ಗಂಜಿಯ ಸುದ್ದಿಯೇ ಇಲ್ಲದ ಒಂದು ಬರಹ ಸಿಕ್ಕಿತು. ಹೆರಿಗೆಗೆ ಮೊದಲು ಬರೆದದ್ದು. ಅತ್ತೆ ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಕನಸು ಹೇಳಿ, ನಿನ್ನದೇನು ಎಂದು ಇವಳನ್ನು ಕೇಳಿದರಂತೆ. ‘ನನಗೆ ಕನಸಿಲ್ಲ, ಹೇಳಬೇಕಾದವಳು ಇರಲಿಲ್ಲ’ ಎಂದು ಬರೆದಿದ್ದಳು. ತಾಯಿಯ ನೆನಪಿಗೆ ಉಳಿದದ್ದು ಇದೊಂದೇ ಎಂದು ಕೆಳಗೆ ಒಂದು ಚಿತ್ರ. ಗಂಡಸಿನ ಗಡಿಯಾರ, ಪಟ್ಟಿಗೆ ಮಾಸಿದ ಕೆಂಪು ದಾರ.

ಪಾನಿಮ್ ಗಿರಣಿ ನಿಲ್ಲಿಸಿದಳು. ಏನಾಯಿತೆಂದು ನಾನು ಹೋಗಿ ನೋಡಿದರೆ, ಫೋನ್ ನನ್ನ ಕೈಗಿಟ್ಟಳು. ಆಮೇಲೆ ಆ ಮಧ್ಯಾಹ್ನವಿಡೀ ಬರೆದು, ಅಳಿಸಿ, ಮತ್ತೆ ಬರೆದಳು. ‘ನಿಮ್ಮ ತಾಯಿ ಮೊಕ್‌ಪೊ ಹಡಗುಕಟ್ಟೆಯಲ್ಲಿ ಕಡಲಪಾಚಿ ಮಾರುತ್ತಿದ್ದರೆ ನಿಮ್ಮ ಕನಸು ನನ್ನ ಹತ್ತಿರ ಇದೆ. ಮಗುವಿನ ನೂರನೇ ದಿನದ ಅಕ್ಕಿಯನ್ನು ಹಡಗುಕಟ್ಟೆಯ ಮೇಲಿನ ಗಿರಣಿಗೆ ತನ್ನಿ.’ ಯೊನ್‌ಶಿಮ್ ಅದನ್ನು ನೋಡಿ ಹಣೆ ಚಚ್ಚಿಕೊಂಡಳು. ಇಷ್ಟು ದೊಡ್ಡ ಪುಟಕ್ಕೆ ಹೋಗಿಯೂ ತಮ್ಮ ಬ್ಲಾಗಿನ ಹೆಸರು ಹಾಕದೆ ಬಂದರಲ್ಲ ಎಂದು.

ಅದರ ಕೆಳಗೆ ಬೇರೆಯವರು ನಗಾಡಿದರು, ಭವಿಷ್ಯ ಹೇಳುವವಳು ಗಿರಾಕಿ ಹುಡುಕುತ್ತಿದ್ದಾಳೆ ಎಂದು ಬರೆದರು. ಸೆರಾನಳ ಉತ್ತರವಿಲ್ಲ. ಜಾಡಿಯ ಮುಂದೆ ಪಾನಿಮ್ ನಿಲ್ಲುವ ಹೊತ್ತು ದಿನದಿಂದ ದಿನಕ್ಕೆ ಹೆಚ್ಚಿತು. ನಾನೂ ಗುಡ್ಡದ ಗುಡಿಯಲ್ಲಿ ಒಂದು ದೀಪ ಹಚ್ಚಿ ಬಂದೆ.

ಒಂದು ಸಂಜೆ ಮಂಜು ಎಷ್ಟು ಕವಿದಿತ್ತೆಂದರೆ ಬಂದರಿನ ಹಡಗು ಕೂಗಿದ್ದು ನಮ್ಮ ಅಂಗಳದಲ್ಲೇ ಕೂಗಿದಂತೆ ಕೇಳಿಸಿತು. ಬಾಗಿಲಲ್ಲಿ ಮೊದಲು ಒಂದು ಬೋಗುಣಿ ಕಾಣಿಸಿತು, ಆಮೇಲೆ ಅದನ್ನು ಹಿಡಿದ ಕೈಗಳು, ಆಮೇಲೆ ಬೆನ್ನಿಗೆ ಮಗು ಕಟ್ಟಿಕೊಂಡ ಎಳೆಯ ಹೆಂಗಸು. ಕೈಗಳು ಬಹಳ ಸಣ್ಣವು. ನಾನು ಬೆಂಕಿ ತಗ್ಗಿಸಿದೆ.

ಅವಳು ಕೂರಲಿಲ್ಲ. ಅಮ್ಮ ಆ ಗಡಿಯಾರ ಯಾಕೆ ಕಟ್ಟಿಕೊಳ್ಳುತ್ತಿದ್ದಳು ಎಂದು ಮೊದಲು ಕೇಳಿದಳು.

‘ಹಡಗು ಬರೋ ಹೊತ್ತು ನೋಡೋಕೆ. ನಿಮ್ಮಪ್ಪಂದು ಅದು. ಕೈಯಿಂದ ಜಾರ್ತಾ ಇತ್ತು, ಅದಕ್ಕೇ ದಾರ ಸುತ್ತಿದ್ದು. ಕಡಲಪಾಚಿ ಕಟ್ಟೋ ದಾರ ಕಣಮ್ಮ.’

ಹುಡುಗಿ ಬೋಗುಣಿ ಕೆಳಗಿಟ್ಟಳು. ಪಾನಿಮ್ ಅವಳನ್ನು ಹಬೆ ಪಾತ್ರೆಯ ಪಕ್ಕಕ್ಕೆ, ಅವಳ ತಾಯಿ ಕೂತಿದ್ದ ಕಡೆಗೇ ಕರೆದುಕೊಂಡು ಹೋಗಿ ಕೂರಿಸಿ, ಕೆಸರಿನ ಬಾಗಿಲಿನಿಂದ ಶುರು ಮಾಡಿದಳು. ಚಂದ್ರಗಳಿಂದ ಮುಂದಿನದನ್ನು ಕಿವಿಗೆ ಬಾಯಿಟ್ಟು ಹೇಳಿದಳು. ಅದು ನನಗೂ ಗೊತ್ತು, ಅಂದು ನಾನೂ ಕೇಳಿಸಿಕೊಂಡಿದ್ದೆ. ಇಲ್ಲಿ ಬರೆಯಲು ಅದು ನನ್ನದಲ್ಲ. ಸೆರಾನ್ ಅತ್ತಳು, ಆಮೇಲೆ ಮಗುವನ್ನು ಮುಂದಕ್ಕೆ ತೆಗೆದುಕೊಂಡು ಅದರ ಕಿವಿಯಲ್ಲಿ ಏನೋ ಹೇಳಿದಳು. ಅವಳು ಮಗುವಿಗೆ ಹೇಳುತ್ತಿರುವಾಗ ಪಾನಿಮ್ ಫೋನ್ ತೆಗೆದು, ಅದೇ ಒಂದು ಬೆರಳಿನಿಂದ, ಆ ಅರ್ಧ ಕನಸನ್ನು ಬ್ಲಾಗಿನಿಂದ ಅಳಿಸಿದಳು.

ಕಡುಬು ಬೆಂದಿತು. ಯೊನ್‌ಶಿಮ್ ಕೈಯಲ್ಲಿ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದಳು. ಪಾನಿಮ್ ಬಿಳಿ ಕಡುಬನ್ನು ಹಲಗೆಯ ಮೇಲೆ ಕವುಚಿ, ಚಾಕುವಿಗೆ ನೀರು ಸವರುತ್ತಿದ್ದಳು. ಆಗ ಸೆರಾನ್ ಹೇಳಿದಳು:

‘ದೊಡ್ಡಮ್ಮ, ದಾರಿಯಲ್ಲಿ ಮೊಕ್‌ಪೊ ಗಿರಣಿ, ಕನಸು ಅಂತ ಹುಡುಕಿ ನಿಮ್ಮ ಬ್ಲಾಗ್ ಓದ್ದೆ. ಇಷ್ಟು ಬರೆದಿದೀರಿ, ಓದೋರೇ ಇಲ್ಲ. ಇವತ್ತು ನನ್ನ ಪುಟದಲ್ಲಿ ನಿಮ್ಮ ಹೆಸರು ಹಾಕ್ತೀನಿ. ಬೆಳಗಾಗೋದ್ರೊಳಗೆ ಸಾವಿರಾರು ಜನ ಬರ್ತಾರೆ.’

ಯೊನ್‌ಶಿಮ್ ನನ್ನ ತೋಳು ಹಿಡಿದುಕೊಂಡಳು. ಪಾನಿಮ್ ಮೊದಲ ತುಂಡು ಕೊಯ್ದು, ಆರಲೆಂದು ಊದಿ, ಸೆರಾನಳ ಸಣ್ಣ ಅಂಗೈಯಲ್ಲಿಟ್ಟಳು.

‘ಬೇಡ ಕಣಮ್ಮ. ನಾನು ಕರೀತಾ ಇದ್ದದ್ದು ನಿನ್ನನ್ನ. ಬಂದ್ಯಲ್ಲ. ತಿನ್ನು, ಬಿಸಿ ಇದೆ.’