ಸಕ್ರಪ್ಪನ ಹಸಿರು ಗಾಜು

ಬೆಟಗೇರಿಯ ನೇಕಾರರ ಓಣಿಯಲ್ಲಿ ರೇಡಿಯೋ ಕೆಟ್ಟರೆ ಸಕ್ರಪ್ಪನೇ ಗತಿ. ಅಂಗಡಿ, ಮನೆ ಎರಡೂ ಅವನಿಗೆ ಒಂದೇ ಕೋಣೆ, ಅದರಲ್ಲಿ ಅವನೊಬ್ಬನೇ. ಬಳೆಗಾರರಿಂದ ಒಡೆದ ಬಳೆ ಬೇಡಿ ತರುತ್ತಿದ್ದ, ಅದರಲ್ಲೂ ಹಸಿರೇ ಬೇಕು. ಕೆಂಡದ ಮುಂದಿಟ್ಟರೆ ಬಿಳಿ ಗಾಜು ಸುಮ್ಮನೆ ಕೂತಿರುತ್ತದೆ, ಹಸಿರು ಗಾಜು ಕಾವನ್ನೆಲ್ಲ ಹೀರಿ ಬೇಗ ಮೆತ್ತಗಾಗುತ್ತದೆ ಎಂಬುದು ಅವನ ಅನುಭವ. ರೇಡಿಯೋದೊಳಗಿನ, ಬೇಳೆಕಾಳಿನಷ್ಟು ಸಣ್ಣ ಭಾಗದ ಸುತ್ತ ಆ ಗಾಜು ಕರಗಿಸಿ ಮುಚ್ಚಿ, ಎರಡು ತಂತಿಯ ತುದಿ ಮಾತ್ರ ಹೊರಗೆ ಬಿಡುತ್ತಿದ್ದ. “ಇನ್ನ ಧೂಳ ಅಲ್ಲ, ಯಮ ಬಂದ್ರೂ ಒಳಗ ಹೋಗಾಂಗಿಲ್ರಿ,” ಎನ್ನುತ್ತಿದ್ದ. ಯಾರೇ ಬಂದರೂ ಎಂಟು ದಿನದ ವಾಯಿದೆ. “ಗಾಜು ಸಾವಕಾಶ ಆರಬೇಕ್ರಿ, ಅವಸರ ಮಾಡಿದ್ರ ಸೀಳತೈತಿ.” ಐವತ್ತಾರರ ಅಕ್ಟೋಬರಿನಲ್ಲಿ, ಕನ್ನಡ ನಾಡು ಒಂದಾಗುವ ಸುದ್ದಿಗೆ ಊರೆಲ್ಲ ಕಿವಿಗೊಟ್ಟಿದ್ದಾಗ, ಶಾಲೆಯ ಅಕ್ಕೋರು ಅಮೃತವ್ವ ತಡೆಯಲಾರದೆ, ರೇಡಿಯೋ ರಿಪೇರಿಗೆ ಕೊಟ್ಟ ನಾಲ್ಕನೆಯ ದಿನವೇ ಬಂದರು. ಒಳಗೆ ಅವರ ರೇಡಿಯೋ ಸುದ್ದಿ ಓದುತ್ತಿತ್ತು. ಸಕ್ರಪ್ಪ ರೊಟ್ಟಿ ಮುರಿಯುತ್ತ, “ಹೌದೇನ್ರಿ? ಮುಂದ?” ಎಂದು ಅದರೊಡನೆ ಮಾತಾಡುತ್ತಿದ್ದ. ಅವರನ್ನು ಕಂಡು ಗಡಬಡಿಸಿ ಎದ್ದ. “ಇದು ಯಾವಾಗ ರಿಪೇರಿ ಆತ್ರಿ?” ಎಂದರು ಅಮೃತವ್ವ. “ತಂದ ದಿನಾನ ಆಗಿತ್ರಿ, ಅಕ್ಕೋರ,” ಎಂದು ಅವನು ತಲೆ ತಗ್ಗಿಸಿದ. “ಮನ್ಯಾಗ ಮಾತಾಡೋರು ಯಾರೂ ಇಲ್ರಿ.” ರೇಡಿಯೋದತ್ತ ಚಾಚಿದ್ದ ಕೈಯನ್ನು ಅಮೃತವ್ವ ಹಿಂದೆಗೆದುಕೊಂಡು, ಬಾಗಿಲ ಬಳಿಯ ಮಣೆಯ ಮೇಲೆ ಕುಳಿತರು. “ದನಿ ಸ್ವಲ್ಪ ಏರಸ್ರಿ, ಸಕ್ರಪ್ಪ. ನಾನೂ ಇಲ್ಲೇ ಕುಂತ ಕೇಳ್ತೀನಿ.”