ದೊರೆ ಕೊಟ್ಟ ಗೋಪಾಲ

ಮೊನ್ನೆ ಅಡಿಗೆಮನೆಯಿಂದ ಮೈದಾ ಅಂಟು ಕಾಯಿಸುವ ವಾಸನೆ ಬಂತು. ಮೊಮ್ಮಗಳಿಗೆ ಶಾಲೆಯಲ್ಲಿ ಏನೋ ಕಾಗದ ಅಂಟಿಸುವ ಕೆಲಸವಂತೆ. ಅದಕ್ಕೆ ಚಿಟಿಕೆ ಮೈಲುತುತ್ತು ಸೇರಿಸಿದರೆ ಹುಳ ಹಿಡಿಯುವುದಿಲ್ಲ ಎಂದು ಹೇಳಲು ಎದ್ದು ಹೋದೆ. ಮಕ್ಕಳ ಕೈಗೆ ವಿಷ ಕೊಡುವ ಅಜ್ಜ ಎಂದು ಬೈಸಿಕೊಂಡು ವಾಪಸು ಬಂದು ಕುಳಿತೆ. ಕುಳಿತವನ ಮೂಗು ಮಾತ್ರ ಎಲ್ಲಿಗೋ ಹೋಯಿತು, ಪುತ್ತೂರಿನ ನನ್ನ ಅಂಗಡಿಗೆ.

ಪಟಗಳಿಗೆ ಕಟ್ಟು ಹಾಕುವ ಅಂಗಡಿ; ಬೆನ್ನಿನ ಕಾಗದಕ್ಕೆ ಇದೇ ಅಂಟು. ಮೂರನೆಯ ಕ್ಲಾಸಿನಲ್ಲಿ ಶಾಲೆಗೂ ನನಗೂ ಸರಿಬರದೆ ಹೋಯಿತು. ಆಮೇಲೆ ಉಳಿ, ಗರಗಸ ಹಿಡಿದೇ ಮೇಲೆ ಬಂದವನು ನಾನು. ಸ್ವಂತ ಬಾಯಿಯಲ್ಲಿ ಹೇಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ: ನಾನು ಹಾಕಿದ ಕಟ್ಟಿನ ಮೂಲೆ ಬಿಟ್ಟದ್ದಿಲ್ಲ. ಬಿಟ್ಟದ್ದನ್ನು ನೀವು ನೋಡಿದ್ದರೆ ಅದು ನನ್ನ ಅಂಗಡಿಯದ್ದಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಂಗಡಿಯ ಗೋಡೆ ತುಂಬಾ ದೇವರು. ಶಿವನೂ ಕೃಷ್ಣನೂ ನೀಲಿ. ಉಳಿದವರೆಲ್ಲ ಹಾಲಿಗೆ ಒಂದು ಹನಿ ಕುಂಕುಮ ಬಿದ್ದ ಬಣ್ಣ. ಅವರ ನಡುವೆ ನಾನು, ಒಲೆಯ ಮೇಲಿನ ಮಡಕೆಯ ತಳದ ಹಾಗೆ. ಪಕ್ಕದಲ್ಲಿ ಗಾಜು ಮಾರುತ್ತಿದ್ದ ಅಬ್ಬು ಬ್ಯಾರಿ ದಿನಾ ಬೆಳಿಗ್ಗೆ ಹೇಳುವುದಿತ್ತು, "ನೀನು ನಗು ಮಾರಾಯ. ಹಲ್ಲು ಕಂಡರೆ ಅಂಗಡಿ ತೆರೆದದ್ದು ಗೊತ್ತಾಗ್ತದೆ."

"ನಿಮ್ಮಲ್ಲಿ ಪಟವೇ ಇಲ್ಲ, ನಿಮಗೆ ಸುಖ," ಎನ್ನುತ್ತಿದ್ದೆ.

"ಅದು ಹೌದು. ನಮ್ಮಲ್ಲಿ ಕಟ್ಟು ಹಾಕಿಸುದು ಕುರಾನಿನ ಅಕ್ಷರಕ್ಕೆ. ಅಕ್ಷರಕ್ಕೆ ಮೈಬಣ್ಣ ಉಂಟಾ?"

ಕೋಡಿಂಬಾಳದಿಂದ ಬರುತ್ತಿದ್ದ ವರ್ಕಿ ಚೇಟನ ಕತೆ ಬೇರೆ. ಕೇರಳದಿಂದ ಬಂದು ಅಲ್ಲಿಯ ಗುಡ್ಡ ಕಡಿದು ಮರಗೆಣಸು ನೆಟ್ಟವರಲ್ಲಿ ಅವರೊಬ್ಬರು. ಬಣ್ಣದಲ್ಲಿ ನನಗೆ ಸರಿ ಜೋಡಿ. ಅವರು ತಮ್ಮವರಿಗೆಲ್ಲ ಕಟ್ಟು ಹಾಕಿಸಿಕೊಂಡು ಹೋಗುತ್ತಿದ್ದುದು ಒಂದೇ ಪಟ: ಹೊಂಬಣ್ಣದ ಕೂದಲು, ನೀಲಿ ಕಣ್ಣು, ತೋಳಿನಲ್ಲಿ ಕುರಿಮರಿ ಎತ್ತಿಕೊಂಡ, ಇನ್ನೂ ಮೀಸೆ ಬಾರದ ಯೇಸು.

"ನಿಮ್ಮ ದೇವರು ಎಂತ ಚೇಟಾ, ಇಷ್ಟು ಬೆಳ್ಳಗೆ?" ಎಂದು ಒಮ್ಮೆ ಕೇಳಿದೆ.

ವರ್ಕಿ ಚೇಟ ಪಟವನ್ನು ದೂರ ಹಿಡಿದು ನೋಡಿದರು. "ಎರಡು ವರ್ಷ ಕೋಡಿಂಬಾಳದಲ್ಲಿ ನಮ್ಮೊಟ್ಟಿಗೆ ಮರಗೆಣಸು ನೆಡಲಿ. ಆಮೇಲೆ ಬಣ್ಣ ನೋಡುವಾ."

ನನಗೆ ಆಗ ಬಣ್ಣದ ವಿಚಾರ ಬರೀ ತಮಾಷೆಯಾಗಿರಲಿಲ್ಲ. ಎರಡು ಮನೆಯವರು ನನ್ನನ್ನು ನೋಡಿ, "ಹುಡುಗ ಒಳ್ಳೆಯವನೇ, ಆದರೆ..." ಎಂದು ಹೇಳಿ ಕಳಿಸಿದ್ದರು. 'ಆದರೆ'ಯ ಮುಂದಿನದನ್ನು ಯಾರೂ ಹೇಳುತ್ತಿರಲಿಲ್ಲ. ಹೇಳುವುದೇನು, ಕಾಣುತ್ತಿತ್ತಲ್ಲ! ಇದೊಂದು ತಪ್ಪಿದರೆ ಇನ್ನು ಹೆಣ್ಣು ನೋಡಲು ಬರುವುದಿಲ್ಲ ಎಂದು ಸೋದರಮಾವನಿಗೆ ಖಡಾಖಂಡಿತ ಹೇಳಿ, ಅವರೊಟ್ಟಿಗೆ ಜಾಲ್ಸೂರಿನ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಮುಖಕ್ಕೆ ಪೌಡರು ಹಾಕಿಕೊಳ್ಳಲು ಮಾವ ಹೇಳಿದರು. ಹಾಕಿಕೊಂಡೆ. ಕುಂಬ್ರದಲ್ಲಿ ಕಿಟಕಿಯ ಗಾಜಿನಲ್ಲಿ ನೋಡಿಕೊಂಡರೆ ಬೂದಿ ಬಳಿದ ಕುಂಬಳಕಾಯಿ. ಒರೆಸಿಬಿಟ್ಟೆ.

ಹುಡುಗಿಗೆ ತಂದೆ ಇರಲಿಲ್ಲ. ಮನೆಯ ಯಜಮಾನಿಕೆ ಅವಳ ಅಜ್ಜಿಯದು. "ಬನ್ನಿ, ಕುದ್ರಿ," ಎಂದು ಅರೆಭಾಷೆಯಲ್ಲಿ ಕೂರಿಸಿದರು. ನಮ್ಮ ಮನೆಮಾತು ತುಳು. ಹಾಗಾಗಿ ಮುಂದಿನ ಮಾತೆಲ್ಲ ಇಬ್ಬರಿಗೂ ಬರುವ ಕನ್ನಡದಲ್ಲಿ. ಹುಡುಗಿ ಯಮುನಾ ಬೆಲ್ಲ, ನೀರು ಇಟ್ಟು ಬಾಗಿಲ ಹಿಂದೆ ಹೋದಳು. ನಾನು ನೋಡಿದ್ದು ಕೈಬಳೆ ಮಾತ್ರ, ಆದರೂ ಈ ಮನೆಯವರು 'ಆದರೆ' ಎನ್ನದಿರಲಿ ಎಂದು ಮನಸ್ಸು ಹೊಡೆದುಕೊಳ್ಳತೊಡಗಿತು.

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಪಟದ ಕೆಲಸ ಅಲ್ಲವಾ? ನನ್ನ ಗೋಪಾಲನ ಹಲಗೆಗೆ ಒರಲೆ ಹುಳ ಹಿಡಿದುಂಟು. ಒಮ್ಮೆ ನೋಡು," ಎಂದು ದೇವರ ಕೋಣೆಯಿಂದ ಒಂದು ಪಟ ತಂದರು. ದಾಸವಾಳ ಮುಡಿಸಿದ್ದರು. ಮುಂದೆ ಇಟ್ಟ ಬೆಣ್ಣೆಯ ಜಿಡ್ಡು ಗಾಜಿಗೂ ಹತ್ತಿತ್ತು.

ನೋಡಿದೆ. ಹೊಂಬಣ್ಣದ ಕೂದಲು, ನೀಲಿ ಕಣ್ಣು, ತೋಳಿನಲ್ಲಿ ಕುರಿಮರಿ. ವರ್ಕಿ ಚೇಟನ ಯೇಸು!

"ನಮ್ಮವರು ಕೊಡಗಿನಲ್ಲಿ ಕಾಫಿ ತೋಟದಲ್ಲಿ ಇದ್ದರು. ತೋಟದ ಬಿಳಿ ದೊರೆ ಊರಿಗೆ ಹೋಗುವಾಗ ಕೊಟ್ಟದ್ದು," ಎಂದರು ಅಜ್ಜಿ. "ಆ ಕರು ನೋಡು. ದೊರೆಗಳ ದೇಶದ ಕರು ಹಾಗೆಯೇ ಅಂತೆ, ಮೈ ತುಂಬಾ ರೋಮ."

ನಗಬೇಡಿ. ನಮ್ಮ ಕಡೆ ಆಡು ಉಂಟು. ಕುರಿ ಕಂಡವರು ಆಗ ಎಷ್ಟು ಜನ? ಕೂದಲು ಬಿಟ್ಟ ಹುಡುಗ, ಎಳೆಯ ಪ್ರಾಣಿ, ಪ್ರೀತಿಯ ಮುಖ. ಗೋಪಾಲನಲ್ಲದೆ ಇನ್ಯಾರು?

ಅಜ್ಜಿ ನೇರ ಮಾತಿಗೆ ಬಂದರು. "ದನ ಕಾಯುವ ಗೋಪಾಲನೇ ಇಷ್ಟು ಬೆಳ್ಳಗೆ. ಪಟದ ಅಂಗಡಿಯ ನೆರಳಿನಲ್ಲಿ ಕೂತುಕೊಳ್ಳುವ ನೀನು ಯಾಕೆ ಹೀಗೆ?"

ಮಾವ ನನ್ನ ತೊಡೆ ಚಿವುಟಿದರು. ಸುಮ್ಮನಿರು ಎಂದು. ಸುಮ್ಮನಿದ್ದರೆ 'ಆದರೆ' ಖಂಡಿತ. ಬಾಯಿ ಬಿಟ್ಟರೆ ಮುದುಕಿಯ ಇಷ್ಟು ವರ್ಷದ ಪೂಜೆಗೆ ಕಲ್ಲು ಹಾಕಿದ ಹಾಗೆ. ಆದರೆ ನೋಡಿ, ನನ್ನ ಅಹಂಕಾರವೇ ಬೇರೆ. ನಾನೇ ಕಟ್ಟು ಹಾಕುವ ಪಟವನ್ನು ಮತ್ತೊಂದು ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

"ಅಜ್ಜೀ, ಇದು ಗೋಪಾಲ ಅಲ್ಲ," ಎಂದೆ. "ಕೋಡಿಂಬಾಳದ ಕ್ರಿಸ್ತಾನರು ಇವನನ್ನೇ ಒಯ್ಯುದು. ಯೇಸು. ಅದು ಕುರಿಮರಿ."

ಮಾವನ ಬಾಯಿಯ ಎಲೆಅಡಿಕೆ ಗಂಟಲಿಗೆ ಹೋಗಿ ಕೆಮ್ಮು ಹಿಡಿಯಿತು. ಅಜ್ಜಿ ಪಟವನ್ನು ತೊಡೆಯ ಮೇಲಿಟ್ಟು ಸೆರಗಿನಿಂದ ಗಾಜಿನ ಜಿಡ್ಡು ಒರೆಸಿದರು.

"ಹಾಗಾದರೆ ಇಷ್ಟು ವರ್ಷ ನನ್ನ ಬೆಣ್ಣೆ ತಿಂದದ್ದು ಯಾರು?"

ಆ ಮನೆಯಲ್ಲಿ ಒಂದು ದಪ್ಪ ಬೆಕ್ಕು ಇತ್ತು.

"ತಿಂದವ ತಿಂದ," ಎಂದರು ಅಜ್ಜಿ. "ನನ್ನ ಬೆಣ್ಣೆ ತಿಂದವನನ್ನು ಹೊರಗೆ ಹಾಕಲಿಕ್ಕೆ ಆಗುದಿಲ್ಲ. ನೀನು ಹಲಗೆ ಬದಲಿಸಿ ಕೊಡು. ಅವ ಅಲ್ಲಿಯೇ ಇರಲಿ. ಆದರೆ ನನ್ನ ಗೋಪಾಲ ಹಾಗಾದರೆ ಯಾವ ಬಣ್ಣ?"

"ಅಚ್ಚು ಹಾಕುವವರು ನೀಲಿ ಹಾಕುದು ಅಜ್ಜಿ," ಎಂದೆ. ನನಗೆ ಗೊತ್ತಿದ್ದುದು ಅಷ್ಟೇ.

ಆಗ ಬಾಗಿಲ ಹಿಂದಿನಿಂದ ಸ್ವರ ಬಂತು. "ನೀಲಿ ಅಲ್ಲ ಅಜ್ಜಿ, ಕಪ್ಪು. ಕೃಷ್ಣ ಅಂದರೇ ಕಪ್ಪು ಅಂತ ಅರ್ಥ. ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ."

ಅಜ್ಜಿ ತಲೆ ಎತ್ತಿ ನನ್ನನ್ನು ಇನ್ನೊಮ್ಮೆ, ಸಾವಕಾಶವಾಗಿ ನೋಡಿದರು.

"ಇಷ್ಟು ಕಪ್ಪಾ?"

ಮೊದಲು ನಕ್ಕದ್ದು ಬಾಗಿಲ ಹಿಂದೆ. ಆಮೇಲೆ ಮಾವ, ಕೆಮ್ಮಿನ ನಡುವೆಯೇ. ಕಡೆಗೆ ಅಜ್ಜಿ. ನಾನೂ ನಕ್ಕಿರಬೇಕು. ಹಲ್ಲು ಕಂಡಿರಬೇಕು. ಮುಂದಿನ ತಿಂಗಳೇ ಮದುವೆ. ಅಜ್ಜಿಯ ದೇವರ ಕೋಣೆಗೆ ನೀಲಿ ಕೃಷ್ಣನೊಬ್ಬ ಬಂದು ಸೇರಿದ. ಕಪ್ಪಿನವನು ಪುತ್ತೂರಿನಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಮೇಲೆ ಬೆಣ್ಣೆ ಎರಡು ಮುದ್ದೆ. ಬೆಕ್ಕು ಇನ್ನೂ ದಪ್ಪವಾಯಿತು.

ಬಾಗಿಲ ಹಿಂದಿನ ಆ ಹುಡುಗಿ ಎಲ್ಲರ ಎದುರು ನನ್ನ ಪರವಾಗಿ ಮಾತಾಡಿದಳು ಎಂಬ ಹೆಮ್ಮೆಯಲ್ಲೇ ನಾನು ಈ ಸಂಸಾರ ಮಾಡಿದ್ದು. ನಿನ್ನೆ ಇಷ್ಟು ಬರೆದು ಮುಗಿಸಿ, ಒತ್ತಕ್ಷರ ನೋಡು ಎಂದು ಅವಳ ಕೈಗೆ ಕೊಟ್ಟೆ. ಅವಳು ಎಂಟನೆಯವರೆಗೆ ಓದಿದವಳು. ಕನ್ನಡಕ ಏರಿಸಿ ಓದಿದಳು. ಒತ್ತಕ್ಷರ ಎಲ್ಲ ತಿದ್ದಿದಳು.

"ನಿಮ್ಮ ಪರವಾಗಿ ಯಾರು ಹೇಳಿದ್ದು? ಅಜ್ಜಿ ಕೇಳಿದರು, ಹೇಳಿದೆ."

"ಹಾಗಾದರೆ ಒಪ್ಪಿದ್ದು ಎಂತಕ್ಕೆ?"

"ಅದು ಯೇಸುವಿನ ಪಟ ಅಂತ ನನಗೆ ಮೊದಲೇ ಗೊತ್ತಿತ್ತು. ಅಜ್ಜಿಗೆ ಬೇಸರ ಆದೀತು ಅಂತ ಹೇಳಿರಲಿಲ್ಲ. ನಿಮಗಿಂತ ಮೊದಲು ಬಂದವರಿಗೆಲ್ಲ ಅಜ್ಜಿ ಅದನ್ನು ತೋರಿಸಿದ್ದಾರೆ. ಎಲ್ಲರೂ, ಆಹಾ ಎಂಥ ಗೋಪಾಲ ಅಂತ ಕೈ ಮುಗಿದವರೇ. ಇದೊಂದು ಜನ ಎಂತ ಹೇಳ್ತದೆ ನೋಡುವಾ ಅಂತ ಬಾಗಿಲ ಹಿಂದೆ ನಿಂತದ್ದು ನಾನು."

ಅಂದರೆ ಆ ದಿನ ಪರೀಕ್ಷೆಗೆ ಕುಳಿತದ್ದು ನನ್ನ ಬಣ್ಣವಲ್ಲ. ಇಷ್ಟು ವರ್ಷದ ಮೇಲೆ ಈ ಸುದ್ದಿ ಕೇಳಿ, "ಬಣ್ಣ ನೋಡಲೇ ಇಲ್ಲವಾ ನೀನು?" ಎಂದು ಕೇಳಿಬಿಟ್ಟೆ.

ಅವಳು ಹಾಳೆಗಳನ್ನು ನನ್ನ ತೊಡೆಯ ಮೇಲಿಟ್ಟು ಎದ್ದಳು.

"ನೋಡಿದೆ ಮಾರಾಯ್ರೆ. ಕುರುಡಿಯಾ ನಾನು?"