ಗೊತ್ತಿದ್ದೂ ಕೊಟ್ಟ ಗುಳಿಗೆ

ನನ್ನ ಹೆಂಡತಿ ರಾಜಮತಿಗೆ ಹುಚ್ಚು ಹಿಡಿದಿರಲಿಲ್ಲ. ಅದು ಸದಲಗಾದ ನಮ್ಮ ಓಣಿಗೆ ಗೊತ್ತಿರಲಿಲ್ಲ, ನನ್ನ ಅವ್ವನಿಗೆ ಗೊತ್ತಿರಲಿಲ್ಲ, ನಮ್ಮ ಹಿರಿಯ ಮಗಳು ಸುನೀತಾಳಿಗೂ ಗೊತ್ತಿರಲಿಲ್ಲ. ಸ್ವತಃ ರಾಜಮತಿಗೇ ಗೊತ್ತಿರಲಿಲ್ಲ. ನನಗೊಬ್ಬನಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ — ವರ್ಷಗಟ್ಟಲೆ.

ಎಂಬತ್ತರ ದಶಕದ ನಡುವಿನ ಮಾತು. ಎರಡನೆಯ ಹೆರಿಗೆಯಲ್ಲಿ ಅವಳು ಉಳಿದದ್ದೇ ಹೆಚ್ಚು. ಮೈಯಲ್ಲಿ ರಕ್ತವಿಲ್ಲ, ಈಗಲೇ ಆಪರೇಷನ್ ಬೇಡ, ಆದರೆ ಇನ್ನೊಂದು ಬಸಿರನ್ನು ಈ ಜೀವ ತಾಳುವುದಿಲ್ಲ ಎಂದು ಹೇಳಿ ದವಾಖಾನೆಯ ನರ್ಸಬಾಯಿ ಬಸಿರು ತಡೆಯುವ ಗುಳಿಗೆಯ ಪಾಕೀಟು ಕೊಟ್ಟಳು. ದಿನಾ ಊಟವಾದ ಮೇಲೆ ಒಂದು. ಮುಗಿದಾಗ ಹೋಗಿ ಕೇಳಲು ರಾಜಮತಿಗೆ ನಾಚಿಕೆ. ಹಾಗಾಗಿ ತಂದುಕೊಡುವ ಕೆಲಸ ನನ್ನದಾಯಿತು.

ಮೊದಲು ಹೊಟ್ಟೆ ತೊಳಸುವುದು ಶುರುವಾಯಿತು. ಗುಳಿಗೆಯ ವಿಷಯ ತಿಳಿಯದ ಅವ್ವ, ಸೊಸೆ ಮತ್ತೆ ಬಸಿರೆಂದು ಹಿಗ್ಗಿದಳು. ಆಮೇಲೆ ತಲೆನೋವು — ಕಣ್ಣ ಮುಂದೆ ಮಿಂಚು ಆಡಿದಂತಾಗಿ ಅರ್ಧ ತಲೆ ಒಡೆದೇ ಹೋಗುತ್ತದೆ ಎನ್ನುವಂಥ ನೋವು. ತಲೆಗೆ ಬಟ್ಟೆ ಬಿಗಿದುಕೊಂಡು, ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು. ಗಲ್ಲದ ಮೇಲೆ ಕಪ್ಪು ಬಂಗು ಬಂತು. ಅದನ್ನೆಲ್ಲ ಹೇಗೋ ಸಹಿಸಿಕೊಂಡಳು. ಆದರೆ ಅವಳ ಮನಸ್ಸು... ಎಮ್ಮೆಗಳೊಡನೆ ಮಾತಾಡುತ್ತ ಹಾಲು ಹಿಂಡುತ್ತಿದ್ದ ಹೆಣ್ಣು ಮಾತೇ ಬಿಟ್ಟಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಅಳುವಳು. ಯಾಕೆಂದು ಕೇಳಿದರೆ, "ಗೊತ್ತಿಲ್ರಿ, ಅಳು ತಾನ ಬರ್ತೈತಿ" ಎನ್ನುವಳು.

ನಿಪ್ಪಾಣಿಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಅವಳನ್ನು ನೋಡಿ, ಹೊರಗೆ ಕೂರಲು ಹೇಳಿ, ನನ್ನನ್ನು ಕೇಳಿದರು. ಗುಳಿಗೆಯ ವಿಷಯ ಹೇಳಿದೆ.

"ಈ ಗುಳಿಗಿ ಆಕಿಗೆ ಆಗಿಬರೂದಿಲ್ಲ. ಇವತ್ತ ಬಂದ್ ಮಾಡ್ರಿ," ಎಂದರು. "ಮಕ್ಕಳು ಬ್ಯಾಡ ಅಂದ್ರ ನೀವ ಬರ್ರಿ, ಪೈಲ್ವಾನ್ರ. ಸಣ್ಣ ಆಪರೇಷನ್. ಸಂಜೀಕ ಮನೀಗೆ ಹೋಗಬಹುದು."

ಪೈಲ್ವಾನ. ಹೌದು, ನಾನು ಕುಸ್ತಿ ಆಡುವವನು. ನಮ್ಮ ತಾಲೀಮಿನ ಗೆಳೆಯನೊಬ್ಬನಿಗೆ ಹಿಂದೆ, ಎಮರ್ಜೆನ್ಸಿಯ ಒತ್ತಾಯದ ಕಾಲದಲ್ಲಿ, ಆ ಆಪರೇಷನ್ ಆಗಿತ್ತು. ಅವನು ಒಂದು ಕುಸ್ತಿ ಸೋತಾಗ ಅಖಾಡದ ಸುತ್ತ ನಿಂತವರು, "ಇವನ್ನ ಸರಕಾರ ಮೊದಲ ಕೆಡವೇತಿ ಬಿಡಲೇ" ಎಂದು ಕೂಗಿ ನಕ್ಕಿದ್ದರು. ಆ ನಗುವಿನಲ್ಲಿ ನನ್ನ ದನಿಯೂ ಇತ್ತು. ಈಗ ಅದೇ ನಗು ನನ್ನ ಮೇಲೆ... ಬೇರೆ ದಾರಿಗಳೂ ಇದ್ದವು, ಅವು ನನಗೆ ಕಿರಿಕಿರಿ. ಎಲ್ಲಕ್ಕಿಂತ ಸಲೀಸಾದದ್ದು ಅವಳು ನುಂಗುವ ಗುಳಿಗೆ.

ಹೊರಗೆ ಬಂದೆ. ಬೆಂಚಿನ ಮೇಲೆ ಕೂತಿದ್ದ ರಾಜಮತಿ ಎದ್ದು ನಿಂತಳು. "ಏನಂದ್ರರಿ ಡಾಕ್ಟರು?"

"ನಿಶ್ಶಕ್ತಿ ಅಂತ. ಟಾನಿಕ್ ಕೊಟ್ಟಾರ," ಎಂದೆ. "ಗುಳಿಗಿ ಮಾತ್ರ ಬಿಡಬ್ಯಾಡ ಅಂದಾರ."

ಆ ಕೊನೆಯ ಮಾತನ್ನು ಡಾಕ್ಟರು ಆಡಿರಲಿಲ್ಲ. ನಾನೇ ಕೂಡಿಸಿದ್ದು.

ಅದಾಗಿ ಕೆಲವು ತಿಂಗಳಿಗೆ, ಹಾಲು ಚೆಲ್ಲಿದಳೆಂದು ರಾಜಮತಿ ಸುನೀತಾಳ ಮೇಲೆ ಹಿತ್ತಾಳೆಯ ಚೆರಿಗೆ ಎಸೆದಳು. ಮಗುವಿನ ಹುಬ್ಬು ಒಡೆಯಿತು. ರಕ್ತ ಕಂಡದ್ದೇ ತಾಯಿ ತನ್ನ ಹಣೆಯನ್ನು ಗೋಡೆಗೆ ಬಡಿದುಕೊಳ್ಳತೊಡಗಿದಳು. "ನನ್ನ ಕೈ ಕಡೀರಿ, ನನಗ ಹುಚ್ಚ ಹಿಡದೈತಿ" ಎಂದು ಅವಳು ಚೀರುವಾಗ ನಾನು ಅವಳ ಎರಡೂ ತೋಳು ಹಿಡಿದು ನಿಂತಿದ್ದೆ. ಆಗಲಾದರೂ ಒಂದು ಮಾತು... ಆಡಲಿಲ್ಲ.

ಅವ್ವ ಮಕ್ಕಳನ್ನು ತನ್ನ ಬಳಿ ಇಟ್ಟುಕೊಂಡಳು. ರಾಜಮತಿಯ ಅಣ್ಣ ಬಂದು ಅವಳನ್ನು ತವರೂರು ರಾಯಬಾಗಕ್ಕೆ ಕರೆದೊಯ್ದ. ನಾನಿಲ್ಲದ ಕಡೆ ಗುಳಿಗೆಯ ಅಗತ್ಯವಿರಲಿಲ್ಲ, ಹಾಗಾಗಿ ಬಿಟ್ಟುಹೋಯಿತು.

ಎರಡು ಮೂರು ತಿಂಗಳ ಮೇಲೆ ನಾನು ಅಲ್ಲಿಗೆ ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಸೋಸುತ್ತ ನೆರೆಯವಳೊಡನೆ ನಗುತ್ತಿದ್ದಳು. ನನ್ನನ್ನು ಕಂಡು ಎದ್ದು ಬಂದಳು. "ತವರಿನ ನೀರು ಹಿಡೀತು ನೋಡ್ರಿ. ತಲಿ ನೋಯಂಗಿಲ್ಲ, ಅಳು ಬರಂಗಿಲ್ಲ. ಮಕ್ಕಳ್ನ ನೋಡಬೇಕ್ರಿ, ಕರಕೊಂಡ ನಡೀರಿ."

ಅದು ನೀರಿನ ಗುಣವಲ್ಲ ಎಂದು ನನಗೆ ಗೊತ್ತಿತ್ತು. ಮನೆಗೆ ಕರೆತಂದೆ. ಆಮೇಲೆ ಕಪಾಟಿನಿಂದ ಅದೇ ಪಾಕೀಟು ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಏನೂ ಕೇಳದೆ ನೀರು ಕುಡಿದಳು. ಡಾಕ್ಟರು ಬಿಡಬೇಡ ಎಂದಿದ್ದಾರಲ್ಲ, ನಾನೇ ಹೇಳಿದ್ದೆನಲ್ಲ.

ಮೋಡ ಕವಿದಂಥ ಎರಡು ವರ್ಷ ಮತ್ತೆ ಕಳೆದವು. ಕೊನೆಗೆ ತಲೆನೋವು ತಾಳಲಾರದೆ ಚಿಕ್ಕೋಡಿಗೆ ಹೋದಾಗ ಒಬ್ಬ ಲೇಡಿ ಡಾಕ್ಟರು ಅವಳಿಗೇ ನೇರವಾಗಿ ಹೇಳಿಬಿಟ್ಟರು — ಎಲ್ಲ ಈ ಗುಳಿಗೆಯಿಂದ, ಮೊದಲೇ ನಿಲ್ಲಿಸಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ರಾಜಮತಿ ನನ್ನ ಮುಖ ನೋಡಿದಳು.

"ನಿಮಗ ಗೊತ್ತಿತ್ತೇನ್ರಿ?"

"ಇಲ್ಲ."

"ನಿಮಗರ ಹೆಂಗ ಗೊತ್ತಾಗಬೇಕು, ಬಿಡ್ರಿ," ಎಂದು ಅವಳೇ ನನಗೆ ಸಮಾಧಾನ ಹೇಳಿದಳು.

ಗುಳಿಗೆ ನಿಂತಿತು. ಮೈಯಲ್ಲಿ ಸ್ವಲ್ಪ ರಕ್ತ ಕೂಡಿದ ಮೇಲೆ ಅವಳೇ ಆಪರೇಷನ್ ಮಾಡಿಸಿಕೊಂಡಳು. ಆಗಲೂ ಅವಳೇ. ಅವಳು ಮೊದಲಿನಂತಾದಳು, ಆದರೆ ಸುನೀತಾ ತಾಯಿಯ ಹತ್ತಿರ ಬರಲಿಲ್ಲ. ಅಜ್ಜಿಯ ಮಗ್ಗುಲಲ್ಲೇ ಮಲಗಿ, ಅಜ್ಜಿಯಿಂದಲೇ ಹೆರಳು ಹಾಕಿಸಿಕೊಂಡು ಬೆಳೆದಳು, ಅಥಣಿಗೆ ಸೊಸೆಯಾಗಿ ಹೋದಳು. ಚೊಚ್ಚಲ ಹೆರಿಗೆಯಾದ ಮೇಲೆ ಬಾಣಂತನಕ್ಕೆ ಕರೆಯಲು ಹೋದರೆ ನನ್ನನ್ನು ಬದಿಗೆ ಕರೆದು ಹೇಳಿದಳು: "ಸಿಟ್ಟಾಗಬ್ಯಾಡ ಅಪ್ಪಾ. ಅವ್ವನ ಕೈಯಾಗ ಕೂಸು ಕೊಡಾಕ ನನಗ ಧೈರ್ಯ ಆಗೂದಿಲ್ಲ."

ಬಸ್ಸಿನಲ್ಲಿ ಹಿಂತಿರುಗುವಾಗ ಆ ಮಾತು ಎದೆಯ ಮೇಲೆ ಕೂತಿತ್ತು. ಮನೆಗೆ ಬಂದು ರಾಜಮತಿಯ ಮುಂದೆ ಕೂತು ಎಲ್ಲ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು.

"ರಾಯಬಾಗದಿಂದ ಕರಕೊಂಡ ಬಂದು ಮತ್ತ ಕೊಟ್ರೆಲ್ಲ, ಆವಾಗೂ ಗೊತ್ತಿತ್ತೇನು?"

"ಗೊತ್ತಿತ್ತು."

"ಮಂದಿ ಹುಚ್ಚಿ ಅಂದಿದ್ದು ಹೋಗ್ಲಿ. ನನಗ ಹುಚ್ಚ ಐತಿ ಅಂತ ನಾನೂ ನಂಬಿದ್ನೆಲ್ಲ," ಎಂದಳು. ಬೈಯಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು. "ನಡೀರಿ ಅಥಣಿಗೆ. ಆಕಿಗೆ ನೀವ ಹೇಳಬೇಕು. ನಾ ಹೇಳಿದ್ರ ಆಕಿ ನಂಬೂದಿಲ್ಲ."

ಮರುದಿನ ಹೋದೆವು. ಅವಳು ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು. ಬಾಣಂತಿ ಮಗಳೆದುರು ಗುಳಿಗೆ, ಆಪರೇಷನ್ ಎನ್ನುವ ಮಾತುಗಳನ್ನು ಒಬ್ಬ ಅಪ್ಪ ಹೇಗೆ ಆಡಬೇಕು... ಆಡಿದೆ, ಒಂದನ್ನೂ ಬಿಡದೆ. ಸುನೀತಾ ನನ್ನ ಕಡೆ ನೋಡಲಿಲ್ಲ. ಕೂಸನ್ನು ಅವುಚಿಕೊಂಡು ತಾಯಿಯನ್ನೇ ನೋಡುತ್ತಿದ್ದಳು.

"ಅವ್ವಾ..." ಎಂದಳು.

"ಅವಸರ ಇಲ್ಲವ್ವ," ಎಂದಳು ರಾಜಮತಿ. "ಕೂಸು ನಿನ್ನ ಹತ್ರನ ಇರ್ಲಿ. ನಾ ಇಲ್ಲೇ ಕುಂದರ್ತೀನಿ."

ನಾನು ಎದ್ದು ಹೊರಗೆ ಬಂದೆ. ಒಳಗಿನಿಂದ ಇಬ್ಬರೂ ಅಳುವುದು ಕೇಳಿಸಿತು, ಆಮೇಲೆ ಮಾತು, ಆಮೇಲೆ ಕೂಸಿನ ದನಿ. ನನ್ನನ್ನು ಯಾರೂ ಒಳಗೆ ಕರೆಯಲಿಲ್ಲ. ಕರೆಯಲಿ ಎಂದು ಬಯಸುವ ಹಕ್ಕು ನನಗಿರಲಿಲ್ಲ.